ಬಂದವರಿಗೆ ಒಂದು ಮಣೆ

ಕೇಳುಗರಿಗೆಲ್ಲ ನಮಸ್ಕಾರ.

ಹಿಂದೂ ಧರ್ಮದ ನಂಬಿಕೆ, ಆಚರಣೆಗಳ ಪರಿಚಯ ಮಾಡಿಕೊಡಿ, ಹತ್ತು ನಿಮಿಷ ಉಂಟು ಎಂದು ಆಕಾಶವಾಣಿಯವರು ಹೇಳಿದ್ದಾರೆ. ನಾಲ್ಕು ವೇದ, ಹದಿನೆಂಟು ಪುರಾಣ, ಹತ್ತು ನಿಮಿಷ! ಇರಲಿ. ಪಂಡಿತರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ಜಗಲಿಯಲ್ಲಿ ಕೂತು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ರೇಡಿಯೋ ಕೇಳುವ ಅಕ್ಕಂದಿರಿದ್ದೀರಲ್ಲ, ನಿಮ್ಮ ಹತ್ತಿರ ಮಾತಾಡುತ್ತೇನೆ. ಒಳಗೆ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೂ ಕೇಳುವಷ್ಟು ಸ್ವಲ್ಪ ದೊಡ್ಡದು ಮಾಡಿ.

ಒಂದೇ ಸಂಗತಿ ಹೇಳುತ್ತೇನೆ. ನಮ್ಮಲ್ಲಿ ದೇವರು ಕರೆದರೆ ಬರುವವನು. ಬಂದಾಗ ಉಪಚರಿಸಬೇಕು. ಹೊರಟಾಗ ಸರಿಯಾಗಿ ಕಳುಹಿಸಿಕೊಡಬೇಕು. ಇಷ್ಟು ತಿಳಿದರೆ ನಮ್ಮ ಪೂಜೆಯೆಲ್ಲ ತಿಳಿದ ಹಾಗೆ.

ಪೂಜೆಗೆ ಹದಿನಾರು ಉಪಚಾರ ಎನ್ನುತ್ತಾರೆ. ಕುಂದಾಪುರದಿಂದ ನಿಮ್ಮ ಮಾವ ಬಂದರೆ ಏನು ಮಾಡುತ್ತೀರಿ, ಯೋಚಿಸಿ. "ಬನ್ನಿ ಬನ್ನಿ" ಎನ್ನುತ್ತೀರಿ, ಅದು ಆವಾಹನ. ಕೂರಲು ಮಣೆ ಕೊಡುತ್ತೀರಿ, ಅದು ಆಸನ. ಕಾಲಿಗೆ ನೀರು ಪಾದ್ಯ, ಕೈಗೆ ನೀರು ಅರ್ಘ್ಯ, ಕುಡಿಯಲು ಆಚಮನ. ಸ್ನಾನಕ್ಕೆ ಬಿಸಿನೀರು, ಉಡಲು ವಸ್ತ್ರ, ಆಮೇಲೆ ಊಟ, ಊಟದ ಮೇಲೆ ವೀಳ್ಯ. ದೇವರ ಕೋಣೆಯಲ್ಲಿ ನಡೆಯುವುದೂ ಇದೇ. ಇದರಲ್ಲಿ ಗುಟ್ಟೇನೂ ಇಲ್ಲ.

"ದೇವರು ಎಲ್ಲ ಕಡೆ ಇದ್ದಾನಲ್ಲ ಸರ್, ಮತ್ತೆ ಕರೆಯುವುದು ಯಾಕೆ?" ಎಂದು ಕಾಲೇಜಿನಲ್ಲಿ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಇದ್ದಾನಪ್ಪ. ಆದರೆ ಎಲ್ಲ ಕಡೆ ಇರುವವನಿಗೆ ಮಣೆ ಹಾಕುವುದು ಎಲ್ಲಿ? ನಮ್ಮ ಕೈ ಇಷ್ಟೇ ಉದ್ದ. ಅದಕ್ಕೆ ನಮ್ಮ ಕೈಗೆ ಸಿಗುವ ಜಾಗಕ್ಕೆ ಬಾ ಎನ್ನುತ್ತೇವೆ. ನೀರು ತುಂಬಿದ ಕಲಶಕ್ಕೆ, ದೀಪಕ್ಕೆ, ಒಂದು ಹಿಡಿ ಅಕ್ಕಿಯ ಮೇಲಿಟ್ಟ ಅಡಿಕೆಗೆ. ಎಲ್ಲಿಗೆ ಕರೆದರೂ ಅವನಿಗೆ ಬೇಸರವಿಲ್ಲ.

ಇದಕ್ಕೊಂದು ಕಥೆ ಹೇಳುತ್ತೇನೆ. ಬ್ರಹ್ಮಾವರದ ಹತ್ತಿರ ನನ್ನ ಅಕ್ಕನ ಮನೆ. ಅಲ್ಲಿ ಚೌತಿಗೆ ಮಣ್ಣಿನ ಗಣಪತಿ ಇಡುವ ಕ್ರಮ ಉಂಟು. ಒಂದು ವರ್ಷ ಮಸ್ಕತ್‌ನಿಂದ ಅಕ್ಕನ ಮೊಮ್ಮಗಳು ಬಂದಿದ್ದಳು. ಏಳೆಂಟು ವರ್ಷದ ಹುಡುಗಿ, ಬಾಯಿ ಮುಚ್ಚಿದ್ದು ನಾನು ನೋಡಿಲ್ಲ. ಹಿಂದಿನ ದಿನ ಸಂಜೆ ರಿಕ್ಷಾದಲ್ಲಿ ವಿಗ್ರಹ ಬಂತು, ಮುಖಕ್ಕೆ ಬಟ್ಟೆ ಮುಚ್ಚಿಕೊಂಡು. "ಗಣಪತಿ ಬಂದ, ಗಣಪತಿ ಬಂದ" ಎಂದು ಇವಳ ಗಲಾಟೆ. ಚಾವಡಿಯಲ್ಲಿ ಗರಿಕೆ ಕಟ್ಟುತ್ತಾ ಕೂತಿದ್ದ ಹಳೆಯ ಭಟ್ರು ತಲೆ ಎತ್ತದೆ, "ಬರಲಿಲ್ಲ ಮಗಾ. ಅದು ಮಣ್ಣು. ನಾಳೆ ಕರೆಯುವಾ, ಆಗ ಬರ್ತಾನೆ" ಎಂದರು. ಹುಡುಗಿ ಸೀದಾ ಅಡುಗೆಮನೆಗೆ ಓಡಿ, "ಅಜ್ಜೀ, ಅವನಿಗೆ ನಮ್ಮ ಮನೆ ದಾರಿ ಗೊತ್ತುಂಟಾ?" ಎಂದು ಕೇಳಿದಳು.

ಮರುದಿನ ಪ್ರಾಣಪ್ರತಿಷ್ಠೆ. ಭಟ್ರು ವಿಗ್ರಹದ ಎದೆಗೆ ಕೈ ಮುಟ್ಟಿಸಿ ಮಂತ್ರ ಹೇಳಿ, ಅಕ್ಷತೆ ಹಾಕಿ, ಇವಳ ಕಡೆ ತಿರುಗಿ, "ಈಗ ಬಂದ. ಇನ್ನು ಮೆಲ್ಲ ಮಾತಾಡು" ಎಂದರು. ಉದ್ಧರಣೆಯಲ್ಲಿ ನೀರು ಬಿಟ್ಟಾಗ "ಇದೆಂತಕ್ಕೆ?" "ಕಾಲು ತೊಳೆಯಲಿಕ್ಕೆ. ದೂರದಿಂದ ಬಂದದ್ದಲ್ಲವಾ?" ನೈವೇದ್ಯಕ್ಕೆ ಬಾಗಿಲು ಓರೆ ಮಾಡಿದಾಗ "ಬಾಗಿಲು ಎಂತಕ್ಕೆ?" "ಊಟ ಮಾಡುವವರ ಬಾಯಿ ನೋಡುವುದಾ?" ಹುಡುಗಿ ಮೊದಲೇ ಅರಸಿನ ಎಲೆಯ ಕಡುಬು ಎಣಿಸಿ ಇಟ್ಟಿದ್ದಳು. 21. ಬಾಗಿಲು ತೆರೆದ ಮೇಲೆ ಪುನಃ ಎಣಿಸಿದಳು. 21! ಮನೆಯವರೆಲ್ಲ ಭಟ್ರ ಮುಖ ನೋಡಿದೆವು. ಭಟ್ರು ಅಲುಗಾಡಲಿಲ್ಲ. "ತಿಂದಿದ್ದಾನೆ. ನಮಗೆ ಉಳಿಸಿ ತಿಂದಿದ್ದಾನೆ" ಎಂದರು. "ಎಲ್ಲವನ್ನೂ ಉಳಿಸಿದನಾ?" "ದೊಡ್ಡವರು ಹಾಗೇ ಮಗಾ." ನಾವು ಪ್ರಸಾದ ಎಂದು ತಿನ್ನುವುದು ಅದನ್ನೇ.

ಸಂಜೆ ಭಟ್ರು ಅಕ್ಷತೆ ಹಾಕಿ, ವಿಗ್ರಹವನ್ನು ಎರಡೂ ಕೈಯಿಂದ ಒಂದಿಷ್ಟು ಜರುಗಿಸಿದರು. ಹೊರಟ ಎಂದು ಅರ್ಥ. ಹುಡುಗಿ ಮಣೆ ತಬ್ಬಿಕೊಂಡು ಅಳುವುದಕ್ಕೆ ಶುರು. ಅವಳ ಅಪ್ಪ ಇನ್ನೊಂದು ತಂದುಕೊಡುತ್ತೇನೆ ಎಂದ, ಅಮ್ಮ ಬರುವ ವರ್ಷ ಬರ್ತಾನೆ ಎಂದಳು, ಯಾವುದೂ ನಡೆಯಲಿಲ್ಲ. ಆಗ ಅಕ್ಕ ಬಾಳೆಲೆಯಲ್ಲಿ ಅವಲಕ್ಕಿ ಕಟ್ಟಿಕೊಂಡು ಒಳಗಿನಿಂದ ಬಂದಳು. "ಇದು ಅವನಿಗೆ ದಾರಿಗೆ. ಕೈಲಾಸ ಇಲ್ಲೇ ಹತ್ತಿರವಾ? ಅಲ್ಲಿ ಅವನ ಅಮ್ಮ ಕಾಯುವುದಿಲ್ಲವಾ?" ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ ಮಣೆ ಬಿಟ್ಟಳು. ಕೆರೆಯ ಹತ್ತಿರ ಮಾತ್ರ ಭಟ್ರ ಶಾಲು ಎಳೆದು, "ಈಗ ಅದು ಮಣ್ಣಾ?" ಎಂದು ಕೇಳಿದಳು. "ಮಣ್ಣು" ಎಂದರು ಭಟ್ರು.

ಕೇಳಿದಿರಲ್ಲ? ಮೊದಲು ಮಣ್ಣು, ನಡುವೆ ದೇವರು, ಕೊನೆಗೆ ಪುನಃ ಮಣ್ಣು. "ನೀವು ಕಲ್ಲು ಮಣ್ಣು ಪೂಜಿಸುವವರು" ಎಂದು ಯಾರಾದರೂ ಅಂದರೆ ಸಿಟ್ಟು ಮಾಡಬೇಡಿ. ಅದು ಮಣ್ಣು ಎಂದು ಎಲ್ಲರಿಗಿಂತ ಮೊದಲು ಹೇಳಿದವರು ಭಟ್ರೇ.

ಹಾಗಾದರೆ ಬಂದವನು ಹೋಗದೆ ನೆಲೆನಿಂತರೆ? ಅದೇ ದೇವಸ್ಥಾನ. ಉಡುಪಿಯ ಕೃಷ್ಣನಿಗೆ ದಿನಕ್ಕೆ 14 ಪೂಜೆ. ಬೆಳಗಿನ ಜಾವ ಹಿಂದಿನ ದಿನದ ಹೂ ತೆಗೆಯುವ ನಿರ್ಮಾಲ್ಯ ವಿಸರ್ಜನೆಯಿಂದ ರಾತ್ರಿ ಮಲಗಿಸುವ ಏಕಾಂತ ಸೇವೆಯವರೆಗೆ. ಈ ಉಪಚಾರ ತಪ್ಪಬಾರದೆಂದು ಎಂಟು ಮಠಗಳು ಎರಡೆರಡು ವರ್ಷ ಸರದಿಯಲ್ಲಿ ಹೊಣೆ ಹೊರುತ್ತವೆ. ಈ ಸರದಿ ಬದಲಾಗುವುದೇ ಪರ್ಯಾಯ. ಅದಕ್ಕೆ ಮುನ್ನ ಯಾವ ಯಾವ ಮುಹೂರ್ತ ಮಾಡುತ್ತಾರೆ? ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಎಲ್ಲ ಊಟದ ತಯಾರಿ! ಜನವರಿ 18ರ ಬೆಳಿಗ್ಗೆ ಹಳೆಯ ಸ್ವಾಮಿಗಳು ಹೊಸಬರ ಕೈಗೆ ಕೊಡುವುದು ಅಕ್ಷಯಪಾತ್ರೆ ಮತ್ತು ಸಟ್ಟುಗ. ಮಧ್ವಾಚಾರ್ಯರ ತತ್ತ್ವಶಾಸ್ತ್ರ ಓದಲು ಒಂದು ಆಯುಸ್ಸು ಸಾಲದು, ಒಪ್ಪುತ್ತೇನೆ. ಆದರೆ ಅವರು ಕೃಷ್ಣನನ್ನು ನಿಲ್ಲಿಸಿದ ಮಠದಲ್ಲಿ ಅಧಿಕಾರ ಕೈ ಬದಲಾಗುವುದು ಒಂದು ಸಟ್ಟುಗದಲ್ಲಿ. ಅಲ್ಲಿಯೂ ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯ ದಿನ ರಥವೇರುವುದು ಮಣ್ಣಿನ ಕೃಷ್ಣ, ಉತ್ಸವ ಮುಗಿದ ಮೇಲೆ ಮಧ್ವ ಸರೋವರಕ್ಕೆ.

ತುಳುನಾಡಿನವರಿಗೆ ಇದನ್ನು ನಾನು ವಿವರಿಸುವುದೇ ತಮಾಷೆ. ದೀಪಾವಳಿಗೆ ಅಂಗಳದಲ್ಲಿ, ಗದ್ದೆಯಲ್ಲಿ ದೀಪ ಹಿಡಿದು ಬಲೀಂದ್ರನನ್ನು "ಕೂ" ಎಂದು ಕೂಗಿ ಕರೆಯುವವರು ನೀವು. ದೈವಕ್ಕೆ ಕುಣಿದು ಸೇವೆ ಕೊಡುವ ಕೋಲದಲ್ಲಿ ದೈವ ಬರುತ್ತದೆ, ನುಡಿ ಕೊಡುತ್ತದೆ, ಹೊರಡುತ್ತದೆ. ದೈವ ಬೇರೆ, ದೇವರು ಬೇರೆ, ಸರಿ. ಕರೆಯುವ ರೀತಿ ಒಂದೇ. ಮಂಗಳೂರಿನ ಕುದ್ರೋಳಿಯಲ್ಲಿ ದಸರಾಕ್ಕೆ ಶಾರದೆಯನ್ನೂ ನವದುರ್ಗೆಯರನ್ನೂ ಕೂರಿಸಿ, ಊರೆಲ್ಲ ಮೆರವಣಿಗೆ ಮಾಡಿ, ದೇವಸ್ಥಾನದ ಕೆರೆಯಲ್ಲೇ ಬೀಳ್ಕೊಡುತ್ತಾರೆ. ಆ ದೇವಸ್ಥಾನದಲ್ಲಿ 1912ರಲ್ಲಿ ಗೋಕರ್ಣನಾಥನನ್ನು, ಅಂದರೆ ಶಿವನನ್ನು, ಪ್ರತಿಷ್ಠೆ ಮಾಡಿದವರು ನಾರಾಯಣ ಗುರುಗಳು. ಒಳಗೆ ಬರಬೇಡಿ ಎಂದು ದೇವಸ್ಥಾನಗಳು ಯಾರನ್ನು ಹೊರಗೆ ನಿಲ್ಲಿಸಿದ್ದವೋ, ಅವರೇ ದೇವರನ್ನು ತಮ್ಮಲ್ಲಿಗೆ ಕರೆದರು. ಅವನು ಬಂದ. ಕರೆಯುವ ಹಕ್ಕು ಕೆಲವರಿಗೆ ಮಾತ್ರ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ, ನನಗೂ ಕೇಳಬೇಕೆಂದು ಉಂಟು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ ಹೇಳುತ್ತೇನೆ, ಕ್ಷಮಿಸಿ. ವಾಟ್ಸಾಪಿನಲ್ಲಿ ದಿನಾ ಬರುತ್ತದಲ್ಲ, ಗಂಟೆ ಹೊಡೆದರೆ ಮೆದುಳಿಗೆ ಒಳ್ಳೆಯದು, ಕರ್ಪೂರ ಉರಿಸಿದರೆ ರೋಗಾಣು ಸಾಯುತ್ತದೆ, ಪ್ರದಕ್ಷಿಣೆ ಬಂದರೆ ವ್ಯಾಯಾಮ. ಮಾರಾಯ್ರೆ, ಮಾವನ ಕಾಲಿಗೆ ನೀರು ಕೊಡುವುದು ರೋಗಾಣುವಿನ ಲೆಕ್ಕ ಹಾಕಿಯಾ? ಅವರು ಬಂದಿದ್ದಾರೆ, ಕೊಡುತ್ತೇವೆ. ಅಷ್ಟೇ. ಮಕ್ಕಳು ಕಾರಣ ಕೇಳಿದರೆ ಸುಳ್ಳು ವಿಜ್ಞಾನ ಹೇಳಬೇಡಿ.

ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ, ಎರಡೇ ನಿಮಿಷವಂತೆ. ಕರ್ಮ, ಪುನರ್ಜನ್ಮ, ಮೋಕ್ಷ ಮೂರೂ ಬಾಕಿ! ಬೇಗ ಹೇಳುತ್ತೇನೆ. ಮಾಡಿದ್ದರ ಫಲ ಮಾಡಿದವನಿಗೆ, ಅದು ಕರ್ಮ. ಈ ಜನ್ಮದಲ್ಲಿ ತೀರದಿದ್ದರೆ ಮುಂದಿನದರಲ್ಲಿ. ಈ ತಿರುಗಾಟ ನಿಲ್ಲುವುದು ಮೋಕ್ಷ. ನಿಂತ ಮೇಲೆ ಜೀವ ದೇವರಲ್ಲಿ ಒಂದಾಗುತ್ತದೋ, ಬೇರೆಯಾಗಿಯೇ ಉಳಿದು ಸುಖಿಸುತ್ತದೋ ಎಂಬುದಕ್ಕೆ ಶಂಕರರ ಉತ್ತರ ಒಂದು, ಮಧ್ವರದು ಇನ್ನೊಂದು, ರಾಮಾನುಜರದು ಮತ್ತೊಂದು. ಜಗಳ ನೂರಾರು ವರ್ಷದ್ದು, ಎರಡು ನಿಮಿಷದಲ್ಲಿ ತೀರಿಸಲು ನನ್ನಿಂದಾಗದು. ಸಂಜೆ ದೀಪ ಹಚ್ಚುವುದು ಮಾತ್ರ ಮೂವರ ಕಡೆಯವರೂ ತಪ್ಪಿಸುವುದಿಲ್ಲ.

ಓದಬೇಕು ಎನ್ನುವವರು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಿಂದ ಶುರು ಮಾಡಿ. 26ನೆಯ ಶ್ಲೋಕದಲ್ಲಿ ಕೃಷ್ಣ ತನಗೆ ಏನು ಸಾಕು ಎಂದು ಹೇಳಿದ್ದಾನೆ: ಒಂದು ಎಲೆ, ಒಂದು ಹೂ, ಒಂದು ಹಣ್ಣು, ನೀರು. ಭಕ್ತಿಯಿಂದ ಕೊಟ್ಟರೆ ಸರಿ. ಗ್ರಂಥದ ಅಂಗಡಿಗಳಲ್ಲಿ ಕನ್ನಡ ತಾತ್ಪರ್ಯ ಇರುವ ಸಣ್ಣ ಪ್ರತಿ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ.

ನಮಸ್ಕಾರ.