ಕುಂಕುಮದ ಬೊಟ್ಟು, ತುಕ್ಕಿನ ಬೊಟ್ಟು

ಕೇಳುಗರಿಗೆ ನಮಸ್ಕಾರ.

ಆಯುಧಪೂಜೆಯ ದಿನ ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಬಸ್ಸುಗಳಿಗೆಲ್ಲ ಬಾಳೆಕಂದು, ಲಾರಿಗಳ ಮುಂದೆಲ್ಲ ಒಡೆದ ಬೂದುಗುಂಬಳ. ಪೀಣ್ಯದಲ್ಲಿ ಲೇತ್ ಯಂತ್ರಗಳ ಕೊರಳಿಗೆ ಸೇವಂತಿಗೆ ಹಾರ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಆ ದಿನ ಬೀರುವಿನಿಂದ ಹೊರಗೆ ಬರುತ್ತಿದ್ದದ್ದು ತಾತನ ಜೋಡಿನಳಿಗೆಯ ಕೋವಿ. ಮೂಡಿಗೆರೆ ಕಡೆಯ ತೋಟ ಮಾರಿ ಊರು ಬಿಟ್ಟಾಗ ಅಪ್ಪ ಜೊತೆಯಲ್ಲಿ ತಂದ ಸಾಮಾನುಗಳಲ್ಲಿ ಇವತ್ತಿಗೂ ಉಳಿದಿರುವುದು ಅದೊಂದೇ. ಮಣೆಯ ಮೇಲೆ ಅದನ್ನು ಮಲಗಿಸಿ, ಅಮ್ಮ ಕುಂಕುಮವನ್ನು ನೀರಿನಲ್ಲಿ ಕಲಸಿ, ಬಲನಳಿಗೆಯ ಬುಡಕ್ಕೆ ಒಂದು ಬೊಟ್ಟು ಇಡುತ್ತಿದ್ದರು. ಆರತಿ ಮುಗಿದ ಮೇಲೆ ಕೋವಿ ಚರ್ಮದ ಚೀಲದೊಳಗೆ ಸೇರಿ ಮತ್ತೊಂದು ವರ್ಷ ನಿದ್ದೆಗೆ ಜಾರುತ್ತಿತ್ತು. ಬೊಟ್ಟನ್ನು ಯಾರೂ ಒರೆಸುತ್ತಿರಲಿಲ್ಲ. ಪೂಜೆಗೆ ಇಟ್ಟ ಕುಂಕುಮವನ್ನು ಒರೆಸುವುದುಂಟೇ?

ಅಪ್ಪ ತೀರಿಕೊಂಡರು. ಪರವಾನಗಿದಾರ ಹೋದ ಮೇಲೆ ಅವನ ಕೋವಿಯನ್ನು ವಾರಸುದಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಇಟ್ಟೆ. ನನ್ನ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಹಾಕಿದೆ. ಜಿಲ್ಲೆಗಳಲ್ಲಿ ಅದನ್ನು ಕೊಡುವವರು ಜಿಲ್ಲಾಧಿಕಾರಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್. ಆ ಓಡಾಟದ ಕಥೆ ಹೇಳಲು ಹೊರಟರೆ ಇವತ್ತಿನ ಸಮಯವೆಲ್ಲ ಅದಕ್ಕೇ ಮುಗಿಯುತ್ತದೆ, ಬಿಡೋಣ. ಅಂತೂ ಕೋವಿ ಮನೆಗೆ ಬಂತು. ಚೀಲ ಬಿಚ್ಚಿ ಬೆಳಕಿಗೆ ಹಿಡಿದರೆ, ಅಮ್ಮ ಬೊಟ್ಟು ಇಡುತ್ತಿದ್ದ ಜಾಗದಲ್ಲಿ, ಸರಿಯಾಗಿ ಬೆರಳ ತುದಿಯ ಗಾತ್ರಕ್ಕೆ, ತುಕ್ಕು ಗುಂಡಗೆ ಕೊರೆದಿತ್ತು. ಉಳಿದ ಕಡೆ ಚರ್ಮದ ಚೀಲ ತನ್ನ ಕೆಲಸ ಮಾಡಿತ್ತು. ನೋಡಲು ಗಂಭೀರವಾಗಿರುವ ಈ ಚರ್ಮದ ಚೀಲಗಳು ಕೋವಿಗೆ ದೊಡ್ಡ ಶತ್ರುಗಳು. ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ, ಕಬ್ಬಿಣಕ್ಕೆ ಅದನ್ನು ನಿಧಾನವಾಗಿ ಉಣಿಸುತ್ತದೆ.

ಮೊದಲ ಭಾನುವಾರವೇ ನಾನು ಎಮೆರಿ ಕಾಗದ ಹಿಡಿದು ಕುಳಿತೆ. ಹೆಬ್ಬೆರಳಿನ ಉಗುರಿನಷ್ಟು ಜಾಗ ಉಜ್ಜಿರಬಹುದು, ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಪಕ್ಕದ ಮನೆಯ ಹಿರಿಯರು ಕಾಂಪೌಂಡಿನ ಮೇಲಿನಿಂದ ಕೂಗಿದರು: "ನಿಲ್ಲಿಸಿ! ಅದೇನು ತಾಮ್ರದ ಚೊಂಬೇ, ಹುಣಸೆಹಣ್ಣು ಹಾಕಿ ಬೆಳಗಲು?" ಒಳಗೆ ಬಂದರು, ಕನ್ನಡಕ ಏರಿಸಿ ನೋಡಿದರು. ಉಜ್ಜಿದ ಜಾಗ ಸ್ಟೀಲ್ ಲೋಟದ ಹಾಗೆ ಬೆಳ್ಳಗಾಗಿತ್ತು. ಅದರ ಸುತ್ತ ನಳಿಗೆಯ ಉದ್ದಕ್ಕೂ, ತೇಗದ ಹಲಗೆಯ ಗೆರೆಗಳಂತೆ, ಕಂದು ಸುರುಳಿಗಳು. ನಾನು ಇಷ್ಟು ವರ್ಷ ಅದನ್ನು ಕೊಳೆ ಎಂದುಕೊಂಡಿದ್ದೆ!

ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಜಡೆಯಂತೆ ಹೊಸೆದು, ಒಂದು ಕಂಬಿಯ ಸುತ್ತ ಸುರುಳಿಯಾಗಿ ಸುತ್ತಿ, ಕೆಂಪಗೆ ಕಾಯಿಸಿ ಬಡಿದು ಬೆಸೆದು ಮಾಡಿದ ಕೊಳವೆ. ಎರಡು ಲೋಹಕ್ಕೂ ತುಕ್ಕು ಹಿಡಿಯುವ ಬಗೆ ಬೇರೆ. ತಯಾರಿಸಿದವರು ಬೇಕೆಂದೇ ಹದವಾಗಿ ತುಕ್ಕು ಬರಿಸಿ ಆ ಚಿತ್ತಾರವನ್ನು ಎಬ್ಬಿಸಿದ್ದರು. ಒಳ್ಳೆಯ ತುಕ್ಕು, ಕೆಟ್ಟ ತುಕ್ಕು ಎಂದು ಎರಡು ಜಾತಿ ಇವೆ ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

ಹಿರಿಯರು ಮುಂಗೈ ಮರವನ್ನು, ಅಂದರೆ ನಳಿಗೆಯ ಕೆಳಗೆ ಕೈಯಿಂದ ಹಿಡಿಯುವ ಮರದ ತುಂಡನ್ನು, ಬಿಡಿಸಿ, ನಳಿಗೆಗಳನ್ನು ಕಳಚಿ ಮಗುಚಿದರು. ತೋಟಾ (ಕಾರ್ಟ್ರಿಜ್) ಕೂರುವ ಬುಡದ ಕೆಳಗೆ, ಯಾರ ಕಣ್ಣಿಗೂ ಬೀಳದ ಸಮತಲದಲ್ಲಿ, ಸಣ್ಣ ಮುದ್ರೆಗಳಿದ್ದವು. ಕಿರೀಟ, ಅಡ್ಡಡ್ಡವಾಗಿ ಇಟ್ಟ ಎರಡು ರಾಜದಂಡ, ನಡುನಡುವೆ ಅಕ್ಷರ. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲಿ ಸ್ಥಾಪನೆಯಾದ ಪರೀಕ್ಷಾಲಯದ ಗುರುತು ಅದು. ಅಲ್ಲಿ ಪ್ರತಿ ನಳಿಗೆಗೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುತ್ತಿದ್ದರು. ಸಿಡಿಯದೆ ಉಳಿದದ್ದಕ್ಕೆ ಮಾತ್ರ ಮುದ್ರೆ. ರಾಜದಂಡದ ಈ ಗುರುತು 1904ರಲ್ಲಿ ಬದಲಾಯಿತು. ಅಂದರೆ ಈ ಕೋವಿ ಅದಕ್ಕೂ ಹಿಂದಿನದು. ಹಾಗಾಗಿ ತಾತನ ಕೋವಿ ತಾತನದ್ದಾಗುವ ಮೊದಲು ಇನ್ನಾರದ್ದೋ ಆಗಿತ್ತು. ಪಕ್ಕದಲ್ಲೇ 12 ಎಂಬ ಅಂಕಿ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಎರಕ ಹೊಯ್ದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ; ಮಿಲಿಮೀಟರ್‌ನಲ್ಲಿ ಸುಮಾರು 18.5. ಹದಿನಾರು ಬೋರಿನ ಕೋವಿ ಹನ್ನೆರಡಕ್ಕಿಂತ ಸಣ್ಣದಾಗಿರುವ ವಿಚಿತ್ರ ಲೆಕ್ಕ ಬಂದದ್ದು ಹೀಗೆ.

"ಎಮೆರಿ ಕಾಗದ ಇಲ್ಲಿಗೆ ಬಂದಿದ್ದರೆ ಕೋವಿಯ ಜಾತಕವೇ ಹೋಗುತ್ತಿತ್ತು," ಎಂದರು ಹಿರಿಯರು. ಜಾತಕ ಮಾತ್ರವಲ್ಲ, ಕಾನೂನೂ ಇದೆ. 1959ರ ಶಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋವಿಯ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ಅಪರಾಧ. ಅಳಿಸಿಹೋದ ಕೋವಿ ಯಾರ ಬಳಿ ಸಿಗುತ್ತದೆಯೋ ಅವರೇ ಅಳಿಸಿದರು ಎಂದು ಕಾನೂನು ಊಹಿಸುತ್ತದೆ. ಅಲ್ಲ ಎಂದು ತೋರಿಸುವ ಹೊರೆ ಅವರದ್ದೇ. ಪಾಲಿಷ್ ಚಕ್ರಕ್ಕೆ ಕೊಟ್ಟು ಫಳಫಳ ಮಾಡಿಸುವವರು ಇದನ್ನು ನೆನಪಿಡಬೇಕು.

ಹಾಗಾದರೆ ಬಲ್ಲವರ ಕೈಗೆ ಕೊಡಬೇಕು. ಕೊಡಗಿನಲ್ಲಿ ಒಬ್ಬ ಕೋವಿ ಕಮ್ಮಾರರಿದ್ದಾರೆ ಎಂದು ಪರಿಚಿತರೊಬ್ಬರು ಹೇಳಿದರು. ರಿಪೇರಿ ಮಾಡುವವರಿಗೂ ಪ್ರತ್ಯೇಕ ಪರವಾನಗಿ ಬೇಕು; ಅದಿದೆಯೇ ಎಂದು ಮೊದಲು ಕೇಳಿದೆ, ಇದೆ ಎಂದರು, ಪ್ರತಿಯನ್ನೂ ಕಳಿಸಿದರು. ಇನ್ನೇನು, ಪಾರ್ಸೆಲ್ ಮಾಡಿದರಾಯಿತು ಎಂದುಕೊಂಡು ಜಯನಗರದ ಒಂದು ಕೊರಿಯರ್ ಅಂಗಡಿಗೆ ಉದ್ದಳತೆ ಬರೆದ ಚೀಟಿ ಹಿಡಿದು ಹೋದೆ. ಕೌಂಟರಿನ ಹುಡುಗ ಬರೆಯುತ್ತಾ, "ಒಳಗೇನು ಸಾರ್, ಕ್ರಿಕೆಟ್ ಬ್ಯಾಟೇ?" ಎಂದ. "ಕೋವಿ" ಎಂದೆ. ಪೆನ್ನು ನಿಂತಿತು. ಹಿಂದಿನ ಸಾಲಿನಲ್ಲಿ ಉಪ್ಪಿನಕಾಯಿ ಡಬ್ಬ ಹಿಡಿದು ನಿಂತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗ ತುಂಬ ವಿನಯದಿಂದ, ನನ್ನ ಮುಖವನ್ನು ನೆನಪಿಟ್ಟುಕೊಳ್ಳುವವನಂತೆ ನೋಡುತ್ತಾ, ಆಗುವುದಿಲ್ಲ ಎಂದ. ಅವನು ಹೇಳಿದ್ದು ಸರಿ. ಅಂಚೆಯಲ್ಲೂ ಇದೇ ಉತ್ತರ ಸಿಗುತ್ತದೆ.

ಟೆಕ್ಸಾಸ್‌ನಲ್ಲಿರುವ ನನ್ನ ತಂಗಿಯ ಮಗ ಇದನ್ನು ಕೇಳಿ ನಕ್ಕ. ಅಮೆರಿಕದಲ್ಲಿ ಪರವಾನಗಿ ಪಡೆದ ಕೋವಿ ಕಮ್ಮಾರನಿಗೆ ಮಾಲೀಕನೇ ರಿಪೇರಿಗೆ ಕಳಿಸಬಹುದು, ಕಮ್ಮಾರ ನೇರವಾಗಿ ಮಾಲೀಕನ ಮನೆಗೇ ವಾಪಸು ಕಳಿಸಬಹುದು. ಪೆಟ್ಟಿಗೆಯ ಹೊರಗೆ "ಒಳಗೆ ಕೋವಿ ಇದೆ" ಎಂದು ಬರೆಸುವಂತೆ ಸಾಗಣೆದಾರ ಒತ್ತಾಯಿಸಬಾರದು ಎಂದು ಅಲ್ಲಿನ ಫೆಡರಲ್ ಕಾನೂನೇ ಹೇಳುತ್ತದೆ. ಕಳ್ಳರಿಗೆ ಸುಳಿವು ಸಿಗದಿರಲಿ ಎಂದು. 1898 ಅಥವಾ ಅದಕ್ಕೂ ಮೊದಲಿನ ಕೋವಿಗಳನ್ನು ಆ ಕಾನೂನು ಪುರಾತನ ವಸ್ತು ಎಂದೇ ಬೇರೆ ಇಡುತ್ತದೆ. "ಮಾವ, ಅದು ಹುಟ್ಟಿದ ಬರ್ಮಿಂಗ್‌ಹ್ಯಾಮ್‌ಗೇ ಕಳಿಸಿಬಿಡಿ" ಎಂಬ ಸಲಹೆಯನ್ನೂ ಕೊಟ್ಟ. ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿ ವ್ಯಕ್ತಿ ದೇಶದಿಂದ ಆಚೆ ಕಳಿಸುವಂತಿಲ್ಲ.

ಆದರೆ ನಮ್ಮ ಶಸ್ತ್ರ ಕಾಯ್ದೆಯಲ್ಲಿ ನನಗೆ ಇಷ್ಟವಾದ ಒಂದು ವಾಕ್ಯವಿದೆ. 3ನೇ ಸೆಕ್ಷನ್‌ನ ಉಪವಾಕ್ಯ. ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರಪತ್ರದೊಂದಿಗೆ ಬೇರೊಬ್ಬರು, ಅವರಿಗೆ ಪರವಾನಗಿ ಇಲ್ಲದಿದ್ದರೂ, ಕೋವಿಯನ್ನು ರಿಪೇರಿಗೆ ಒಯ್ಯಬಹುದು. ಪರವಾನಗಿಯ ನವೀಕರಣಕ್ಕೂ ಇದೇ ಅನುಕೂಲ. ಕಾಲು ಬಾರದ ಮುದುಕ ಮಗನ ಕೈಯಲ್ಲಿ ಕಾಗದ ಕೊಟ್ಟು ಕಳಿಸುವ ದೃಶ್ಯ ಈ ವಾಕ್ಯ ಬರೆದವರ ಕಣ್ಣ ಮುಂದೆ ಇದ್ದಿರಬೇಕು. ನನಗೆ ಕಾಲು ಗಟ್ಟಿ ಇದೆ, ಪರವಾನಗಿಯ ವ್ಯಾಪ್ತಿ ಇಡೀ ರಾಜ್ಯಕ್ಕಿದೆ. ನಾನೇ ಕಾರಿನಲ್ಲಿ ಹೊರಟೆ.

ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಕಟ್ಟುವ ಕೆಲಸ. ಮೊದಲು ಕೋವಿಯನ್ನು ಬುಡದಲ್ಲಿ ಬಗ್ಗಿಸಿ ತೆರೆದು ಎರಡೂ ನಳಿಗೆಯೊಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದೆ. ಮೂವತ್ತು ವರ್ಷ ಒಂದು ಈಡನ್ನೂ, ಅಂದರೆ ಒಂದು ಗುಂಡನ್ನೂ, ಹಾರಿಸದ ಕೋವಿ, ಖಾಲಿ ಎಂದು ಗೊತ್ತು. ಆದರೂ ನೋಡಿದೆ, ಕೋವಿಯ ವಿಷಯದಲ್ಲಿ "ಗೊತ್ತು" ಎಂಬ ಮಾತಿಗೆ ಬೆಲೆಯಿಲ್ಲ. ಮೂರು ಭಾಗ ಕಳಚಿದೆ: ನಳಿಗೆ, ಮುಂಗೈ ಮರ, ಕುದುರೆಗಳ (ಗುಂಡು ಹಾರಿಸುವ ಕೀಲುಗಳ) ಸಮೇತ ಹಿಡಿ. ಒಂದೊಂದಕ್ಕೂ ತೆಳ್ಳಗೆ ಎಣ್ಣೆ ಸವರಿದ ಹತ್ತಿಬಟ್ಟೆ, ಒಂದಕ್ಕೊಂದು ತಾಕದಂತೆ ಗಟ್ಟಿ ಪೆಟ್ಟಿಗೆಯಲ್ಲಿ ಪ್ರತ್ಯೇಕ ಹಾಸಿಗೆ. ನಳಿಗೆಯ ಬಾಯಿಗೆ ಬಟ್ಟೆಯ ಬಿರಡೆ. ಪ್ಲಾಸ್ಟಿಕ್ ಸುತ್ತಲಿಲ್ಲ, ಒಳಗೇ ಬೆವರುತ್ತದೆ. ತೋಟಾ ಒಂದೂ ಜೊತೆಗಿರಲಿಲ್ಲ. ಮುದ್ರೆ, ಸಂಖ್ಯೆ, ಕೆತ್ತನೆ, ಹಿಡಿಯ ಬಿರುಕು, ಎಲ್ಲದರ ಫೋಟೋ ತೆಗೆದು, ಅಳತೆ ಸಮೇತ ಎರಡು ಪ್ರತಿ ಪಟ್ಟಿ ಬರೆದೆ. ಮೂಲ ಪರವಾನಗಿ ಅಂಗಿಯ ಜೇಬಿನಲ್ಲಿ. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿಗೂ ಇಳಿಯಲಿಲ್ಲ, ಕಾರು ಬಿಟ್ಟು ಹೋಗಲು ಮನಸ್ಸಾಗದೆ. ಹೆಂಡತಿ ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ.

ಕೊಡಗು ಕೋವಿಯ ನಾಡು. ಕೊಡವರಿಗೂ, ಜಮ್ಮಾ ಎಂಬ ಅಲ್ಲಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಸೆಪ್ಟೆಂಬರ್‌ನ ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಕೋವಿ ಕಮ್ಮಾರರ ಮುಂದೆ ನನ್ನ ಕುಂಕುಮದ ಕಥೆ ಹೇಳಲು ನಾಚಿಕೆಯಾಗಬೇಕಿರಲಿಲ್ಲ. ಕೇಳಿ ತಲೆಯಾಡಿಸಿದರು, ಅಷ್ಟೇ.

ನಾನು ಹೇಳಿದೆ, "ಹೊಸದರಂತೆ ಮಾಡಿಕೊಡಿ." ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಹೊಸದು ಬೇಕಿದ್ದರೆ ಹೊಸದನ್ನೇ ಕೊಳ್ಳಿ."

ಆಮೇಲೆ ಬಿಡಿಸಿ ಹೇಳಿದರು. ಊರಿನ ತುಂಬ ಜನ ಕೋವಿಗೆ ಕಪ್ಪು ಬಣ್ಣ ಕಟ್ಟಿಸಲು ಕಾಸ್ಟಿಕ್ ಸೋಡಾ, ನೈಟ್ರೇಟ್ ಬೆರೆಸಿ ಸುಮಾರು 140 ಡಿಗ್ರಿಗೆ ಕುದಿಸಿದ ತೊಟ್ಟಿಯಲ್ಲಿ ಅದ್ದಿಸುತ್ತಾರೆ. ಈಗಿನ ಒಂಟಿನಳಿಗೆಗೆ ಅದು ನಡೆಯುತ್ತದೆ. ಹಳೆಯ ಜೋಡಿನಳಿಗೆಯನ್ನು ಹಿಡಿದಿಟ್ಟಿರುವುದು ಸೀಸ ಮತ್ತು ತವರದ ಬೆಸುಗೆ. ಆ ಕ್ಷಾರ ಬೆಸುಗೆಯನ್ನೇ ತಿನ್ನುತ್ತದೆ. ಜೋಡಿ ಒಂದು ದಿನ ಒಂಟಿಯಾಗುತ್ತದೆ. ಕುಂಕುಮದ ಗುಳಿಯನ್ನು ತೆಗೆಯಬಹುದೇ ಎಂದು ಕೇಳಿದೆ. ತೆಗೆಯುವುದೆಂದರೆ ಗುಳಿಯನ್ನು ತುಂಬುವುದಲ್ಲ, ಸುತ್ತಲಿನ ಲೋಹವನ್ನೆಲ್ಲ ಗುಳಿಯ ಮಟ್ಟಕ್ಕೆ ಅರೆಯುವುದು. ಮೊದಲೇ ತೆಳುವಾದ ಗೋಡೆ ಇನ್ನೂ ತೆಳುವಾಗುತ್ತದೆ. "ಅದು ಹಾಗೇ ಇರಲಿ. ಬೆಳೆಯದಂತೆ ಮಾಡುತ್ತೇನೆ." ಇದರಲ್ಲಿ ಈಗಿನ ತೋಟಾ ಹಾರಿಸುವ ಮಾತೇ ಬೇಡ, ಇದು ಕರಿಮದ್ದಿನ ಕಾಲದ ನಳಿಗೆ ಎಂದೂ ಎಚ್ಚರಿಸಿದರು. ನಾನು ಬರೆದಿದ್ದ ಮುದ್ರೆ, ಸಂಖ್ಯೆಗಳ ಪಟ್ಟಿಗೆ ಸಹಿ ಹಾಕಿ ಒಂದು ಪ್ರತಿ ವಾಪಸು ಕೊಟ್ಟರು.

ನಾಲ್ಕು ತಿಂಗಳು ಹಿಡಿಯಿತು. ಹಿಡಿಯ ಕತ್ತಿನಲ್ಲಿ ದಶಕಗಳ ಎಣ್ಣೆ ಇಳಿದು ಮರ ಕಪ್ಪಾಗಿ ಮೆತ್ತಗಾಗಿತ್ತು. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಎಣ್ಣೆಯನ್ನು ಹೀರಿ ತೆಗೆದರಂತೆ. ಬಿರುಕನ್ನು ಬೆಸೆದು, ಅಕ್ರೋಟಿನ ಮರಕ್ಕೆ ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ತಿಕ್ಕಿದ್ದರು. ನಾನು ಎಮೆರಿಯಿಂದ ಬೋಳಿಸಿದ್ದ ಉಗುರಿನಷ್ಟು ಜಾಗಕ್ಕೆ ಮಾತ್ರ ಆಮ್ಲದ ತೆಳು ಲೇಪ ಕೊಟ್ಟು, ಮಳೆಗಾಲದ ತೇವದಲ್ಲಿ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ, ಏಳೆಂಟು ಸಲ. ಚಿತ್ತಾರ ಮರಳಿ ಬಂದಿದೆ. ಎಲ್ಲಿ ಉಜ್ಜಿದ್ದೆ ಎಂದು ನನಗೆ ಗೊತ್ತಿರುವುದರಿಂದ ನನಗೆ ಮಾತ್ರ ಕಾಣುತ್ತದೆ. ಅಡಿಯ ಕಿರೀಟ, ರಾಜದಂಡ, ಸಂಖ್ಯೆ ಇದ್ದ ಹಾಗೇ ಇವೆ. ಚರ್ಮದ ಚೀಲ ಈಗ ಖಾಲಿಯಾಗಿ ಅಟ್ಟದ ಮೇಲಿದೆ.

ಈ ವರ್ಷದ ಆಯುಧಪೂಜೆಗೆ ಕೋವಿ ಮತ್ತೆ ಮಣೆಯ ಮೇಲೆ ಮಲಗಿತು. ಅಮ್ಮನಿಗೆ ಈಗ ಎಂಬತ್ತಮೂರು. ಕುಂಕುಮದ ಬೆರಳು ನೇರವಾಗಿ, ಕಣ್ಣು ಕಾಣದಿದ್ದರೂ ತಪ್ಪದೆ, ಹಳೆಯ ಗುಳಿಯ ಕಡೆಗೇ ಹೋಯಿತು. ನಾನು ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು ನಳಿಗೆಯ ಮೇಲೆ ಇಟ್ಟೆ. ಅವರು ಎಲೆಯನ್ನು ಸವರಿ ನೋಡಿದರು, "ಇದೇನೋ ಹೊಸ ಶಾಸ್ತ್ರ?" ಎಂದರು, ಎಲೆಯ ಮೇಲೆ ಬೊಟ್ಟು ಇಟ್ಟರು.

ನಮಸ್ಕಾರ.