ರೋಬ್ಲಾಕ್ಸ್: ಮಗುವಿನ ಪಕ್ಕ ಕೂತು ನೋಡಿ

ಕೇಳುಗರಿಗೆ ನಮಸ್ಕಾರ. ಸಂಜೆ ಹೊತ್ತು ಒಗ್ಗರಣೆ ಹಾಕುತ್ತಾ ರೇಡಿಯೋ ಕೇಳುವ ತಾಯಂದಿರು, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರು ನನ್ನ ಮುಂದಿದ್ದಾರೆ ಅಂತಲೇ ತಿಳಿದು ಮಾತಾಡುತ್ತೇನೆ.

ಒಳಕೋಣೆಯಲ್ಲಿ ಮಗು ಮೊಬೈಲು ಹಿಡಿದು ಕೂತಿದೆ. ಏನು ಮಾಡ್ತಿದ್ದೀಯ ಅಂದರೆ "ರೋಬ್ಲಾಕ್ಸ್" ಅನ್ನುತ್ತೆ. ಏನೋ ಒಂದು ಗೇಮು ಅಂತ ನೀವು ಸುಮ್ಮನಾಗುತ್ತೀರಿ. ಸುಮ್ಮನಾಗಬೇಡಿ. ಅದು ಒಂದು ಗೇಮಲ್ಲ, ಒಂದು ಜಾತ್ರೆ. ಕಂಪನಿ ಮೈದಾನ ಕೊಡುತ್ತದೆ, ಅಂಗಡಿ ಹಾಕುವವರು, ತೊಟ್ಟಿಲು ತಿರುಗಿಸುವವರು ಎಲ್ಲ ಹೊರಗಿನ ಜನ. ಅಲ್ಲಿರುವ ಲಕ್ಷಾಂತರ ಆಟಗಳನ್ನು ಕಟ್ಟಿದವರು ಬಳಕೆದಾರರೇ, ಅವರಲ್ಲಿ ಮಕ್ಕಳೂ ಇದ್ದಾರೆ. ಎಂಟು ವರ್ಷದ ಮಗುವನ್ನು ಜಾತ್ರೆಗೆ ಒಂಟಿಯಾಗಿ ಕಳಿಸುತ್ತೀರಾ? ಇಲ್ಲ ತಾನೇ? ಇಲ್ಲಿಯೂ ಪಕ್ಕದಲ್ಲಿ ಕೂತುಕೊಳ್ಳಿ. ಇವತ್ತು ನಾನು ಹೇಳಬೇಕಾದ ಮಾತು ಇದೊಂದೇ.

ಇದನ್ನು 2006ರಲ್ಲಿ ಅಮೆರಿಕದಲ್ಲಿ ಶುರು ಮಾಡಿದವರು ಡೇವಿಡ್ ಬಝೂಕಿ ಮತ್ತು ಎರಿಕ್ ಕ್ಯಾಸೆಲ್. ಬಝೂಕಿ ಅದಕ್ಕೂ ಮುಂಚೆ ಶಾಲೆಗಳಿಗೆ ಭೌತಶಾಸ್ತ್ರ ಕಲಿಸುವ ಒಂದು ತಂತ್ರಾಂಶ ಮಾಡಿದ್ದರು. ಮಕ್ಕಳು ಪಾಠದ ಲೆಕ್ಕ ಬಿಟ್ಟು, ಅದರಲ್ಲಿ ಕಾರಿಗೆ ಕಾರು ಗುದ್ದಿಸುವುದು, ಕಟ್ಟಡ ಬೀಳಿಸುವುದು ಮಾಡುತ್ತಿದ್ದರಂತೆ. ರೋಬ್ಲಾಕ್ಸಿನ ಬೇರು ಅಲ್ಲಿದೆ.

ನಾನು ವಾರಾಂತ್ಯದಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಏಳನೇ ಕ್ಲಾಸಿನ ಒಬ್ಬ ಹುಡುಗಿ ರೋಬ್ಲಾಕ್ಸ್ ಸ್ಟುಡಿಯೋದಲ್ಲಿ, ಅಂದರೆ ಈ ಆಟಗಳನ್ನು ಕಟ್ಟುವ ತಂತ್ರಾಂಶದಲ್ಲಿ, ಹೊಳೆಗೆ ಅಡ್ಡವಾಗಿ ಹಲಗೆ ಸೇತುವೆ ಕಟ್ಟಿದಳು. ಒಂದೊಂದೇ ಹಲಗೆ ಎಳೆದು, ಅಳತೆ ಸರಿಮಾಡಿ, ಕಂದು ಬಣ್ಣ ಬಳಿದು, ಪ್ಲೇ ಒತ್ತಿದಳು. ಇಡೀ ಸೇತುವೆ ದಬದಬನೆ ನೀರಿಗೆ ಬಿತ್ತು! ಮುಖ ಸಣ್ಣಗಾಯಿತು. ನಾನು ಬಾಯಿ ಬಿಡಲಿಲ್ಲ. ಹುಡುಕಿ ಹುಡುಕಿ ಅವಳೇ 'ಆಂಕರ್ಡ್' ಅನ್ನುವ ಗುರುತು ಕಂಡುಹಿಡಿದಳು. ಅದನ್ನು ಹಾಕಿದರೆ ವಸ್ತು ಗಾಳಿಯಲ್ಲೂ ಅಲ್ಲಾಡದೆ ನಿಲ್ಲುತ್ತದೆ, ತೆಗೆದರೆ ಗುರುತ್ವಾಕರ್ಷಣೆ ಎಳೆದುಕೊಳ್ಳುತ್ತದೆ. ಎಲ್ಲ ಹಲಗೆಗೂ ಹಾಕಿದಳು, ಸೇತುವೆ ನಿಂತಿತು. ಅಷ್ಟಕ್ಕೆ ಬಿಡುವ ಹುಡುಗಿಯೇ? "ಸರ್, ಕಾಲಿಟ್ಟ ಮೇಲೆ ಮಾತ್ರ ಬೀಳೋ ಹಲಗೆ ಬೇಕು" ಅಂದಳು. ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕೈದು ಸಾಲು ಬರೆದೆವು: ಹಲಗೆಗೆ ಯಾರಾದರೂ ತಾಗಿದರೆ ಅರ್ಧ ಸೆಕೆಂಡು ಕಾದು, ಆ ಗುರುತು ತೆಗೆ. ಕರೆದುಕೊಂಡು ಹೋಗಲು ಬಂದಿದ್ದ ಅವರಮ್ಮನನ್ನೇ ಕೂರಿಸಿ ಆಡಿಸಿದಳು. ಅಮ್ಮ ಮತ್ತೆ ಮತ್ತೆ ನೀರಿಗೆ ಬಿದ್ದರು. ಮಗಳು ಕೈಹಿಡಿದು, "ನಿಲ್ಲಬಾರ್ದಮ್ಮ, ಕಾಲಿಟ್ಟ ತಕ್ಷಣ ಹಾರ್ಬೇಕು" ಅಂತ ಪಾಠ ಹೇಳುತ್ತಿದ್ದಳು. ಅವತ್ತು ಆ ಮಗು ಕಲಿತದ್ದನ್ನು ಕರಿಹಲಗೆಯ ಮೇಲೆ ಒಂದು ತಿಂಗಳು ಬರೆದರೂ ನನ್ನಿಂದ ಕಲಿಸಲು ಆಗುತ್ತಿರಲಿಲ್ಲ!

ಆದರೆ ಒಂದು ವಿಷಯ. ಈ ಸ್ಟುಡಿಯೋಗೆ ಕಂಪ್ಯೂಟರ್ ಬೇಕು, ಮೊಬೈಲಿನಲ್ಲಿ ಅದು ನಡೆಯುವುದಿಲ್ಲ. ಬರೀ ಮೊಬೈಲ್ ಕೊಟ್ಟು "ನನ್ನ ಮಗ ಏನೋ ಕಲೀತಿದ್ದಾನೆ" ಅಂದುಕೊಳ್ಳಬೇಡಿ.

ಸಮಯ ಕಡಿಮೆ ಇದೆ, ಕೆಡುಕಿನ ಮಾತಿಗೆ ಬರುತ್ತೇನೆ. ಮೊದಲು ದುಡ್ಡು. ಅಲ್ಲಿಯ ನಾಣ್ಯದ ಹೆಸರು ರೋಬಕ್ಸ್. ಟೋಪಿ, ಅಂಗಿ, ಆಟದಲ್ಲಿ ಬೇಗ ಮುಂದೆ ಹೋಗುವ ಅನುಕೂಲ, ಎಲ್ಲಕ್ಕೂ ರೋಬಕ್ಸ್. ಕೊಳ್ಳುವಾಗ ಸಾವಿರ ರೋಬಕ್ಸಿಗೆ ಸುಮಾರು 10 ಡಾಲರ್. ಆಟ ಕಟ್ಟಿದವರು ತಾವು ಗಳಿಸಿದ ಸಾವಿರವನ್ನು ಹಣ ಮಾಡಿಕೊಳ್ಳಲು ಹೋದರೆ 4 ಡಾಲರೂ ಕೈಗೆ ಬರುವುದಿಲ್ಲ. ಅದಕ್ಕೂ 30,000 ರೋಬಕ್ಸ್ ಗಳಿಸಿರಬೇಕು, 13 ವರ್ಷ ತುಂಬಿರಬೇಕು. ಆಟ ಮಾಡಿ ಕೋಟ್ಯಧಿಪತಿ ಆಗುತ್ತೇನೆ ಅಂತ ಮಗ ಹೇಳಿದರೆ ಈ ಲೆಕ್ಕವನ್ನು ಅವನ ಪಕ್ಕ ಕೂತು, ಕಾಗದದ ಮೇಲೆ ಮಾಡಿ ತೋರಿಸಿ.

ಎರಡನೆಯದು ಅಪರಿಚಿತರು. ತಾವೂ ಮಕ್ಕಳೇ ಅನ್ನುವಂಥ ಹೆಸರಿಟ್ಟುಕೊಂಡು ದೊಡ್ಡವರು ಬರುತ್ತಾರೆ, ಸ್ನೇಹ ಬೆಳೆಸುತ್ತಾರೆ, ಬೇರೆ ಆ್ಯಪಿಗೆ ಬಾ ಅಂತ ಕರೆಯುತ್ತಾರೆ. ಮಕ್ಕಳ ಸುರಕ್ಷತೆಯ ಕಾರಣಕ್ಕೆ 2024ರಲ್ಲಿ ಟರ್ಕಿ, 2025ರಲ್ಲಿ ಕತಾರ್ ಇದನ್ನು ನಿರ್ಬಂಧಿಸಿದವು. ಅಮೆರಿಕದಲ್ಲೇ ಮೊಕದ್ದಮೆಗಳು ನಡೆಯುತ್ತಿವೆ. ಕಂಪನಿಯೂ ನಿಯಮ ಬಿಗಿ ಮಾಡಿದೆ. ಆದರೆ ಖಾತೆ ತೆರೆಯುವಾಗ ಮಗು ಹುಟ್ಟಿದ ವರ್ಷವನ್ನೇ ಸುಳ್ಳು ಬರೆದಿದ್ದರೆ ಆ ನಿಯಮ ಯಾರನ್ನು ಕಾಯುತ್ತದೆ? "ನಮಗೆ ಇದೆಲ್ಲ ತಿಳಿಯಲ್ಲ" ಅಂತ ದಯವಿಟ್ಟು ಹೇಳಬೇಡಿ. ಯುಪಿಐ ಕಲಿತವರಿಗೆ ಇದು ಕಷ್ಟವಲ್ಲ.

ಇವತ್ತು ಊಟ ಆದಮೇಲೆ ಮಗುವಿನ ಪಕ್ಕ ಕೂತುಕೊಳ್ಳಿ. ಮೊದಲು ಸೆಟ್ಟಿಂಗ್ಸಿನಲ್ಲಿ ಹುಟ್ಟಿದ ವರ್ಷ ನೋಡಿ. ನಿಮ್ಮ ಹೆಸರಲ್ಲೊಂದು ಪೋಷಕರ ಖಾತೆ ಮಾಡಿ, ಮಗುವಿನ ಖಾತೆಗೆ ಜೋಡಿಸಿ. ಎಷ್ಟು ಹೊತ್ತು ಆಡಿದೆ, ಸ್ನೇಹಿತರು ಯಾರು ಅನ್ನುವುದು ಅಲ್ಲಿ ಕಾಣುತ್ತದೆ, ತಿಂಗಳ ಖರ್ಚಿಗೆ ಮಿತಿಯನ್ನೂ ಹಾಕಬಹುದು. ಅದಾದ ಮೇಲೆ ಮಗುವಿಗೆ ಇಷ್ಟದ ಆಟ ಯಾವುದು ಅಂತ ಕೇಳಿ, ನೀವೂ ಒಂದು ಸುತ್ತು ಆಡಿ. ನಮಸ್ಕಾರ.