ಪುಣೆಯಿಂದ ಪುಣೆಗೆ, ನಾಲ್ಕು ಘಾಟ್ ದಾಟಿ

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವ ಈ ಕೆಂಪು ಗೆರೆ ನಾವು ಸೈಕಲ್ ಹೊಡೆಯಲಿರುವ ದಾರಿ. ಪುಣೆಯಲ್ಲಿ ಶುರುವಾಗಿ ಪುಣೆಯಲ್ಲೇ ಮುಗಿಯುತ್ತದೆ. ಚಾಂದನಿ ಚೌಕ್, ಪೌಡ್, ಮುಳಶಿ ಕೆರೆ ದಂಡೆ. ತಾಮ್ಹಿಣಿ ಘಾಟ್ ಇಳಿದರೆ ಕೊಂಕಣದ ಮಾಣಗಾವ್. ಅಲ್ಲಿಂದ ಮುಂಬೈ–ಗೋವಾ ಹೈವೇ ಹಿಡಿದು ಮಹಾಡ್, ಪೋಲಾದಪುರ. ಪೋಲಾದಪುರದಲ್ಲಿ ಎಡಕ್ಕೆ ತಿರುಗಿದರೆ ಅಂಬೇನಳಿ ಘಾಟ್, ಅದು ಮಹಾಬಳೇಶ್ವರಕ್ಕೆ ಹತ್ತಿಸುತ್ತದೆ. ಆಮೇಲೆ ಪಂಚಗಣಿ, ಪಸರಣಿ ಘಾಟ್ ಇಳಿದು ವಾಯಿ, ಮಾಂಢರದೇವಿ ಘಾಟ್ ದಾಟಿ ಭೋರ್, ಅಲ್ಲಿಂದ ಮನೆ. ಒಟ್ಟು 320 ಕಿಲೋಮೀಟರ್ ಆಸುಪಾಸು.

ನನ್ನ ಜೊತೆ ಬರುತ್ತಿರುವವನು ವಿಜಯಪುರದವನು. ಮ್ಯಾಪ್ ನೋಡಿದ ತಕ್ಷಣ ಶುರು ಮಾಡಿದ: "ಏ, ಒಂದ ದಿನಕ್ಕ ಹೊಡದ್ ಬಿಡೂಣೋ. ಬಿಆರ್‌ಎಂನಾಗ ಮುನ್ನೂರು ಕಿಲೋಮೀಟರಿಗೆ ಇಪ್ಪತ್ತು ತಾಸು ಕೊಡ್ತಾರಲ್ಲ?" ಬಿಆರ್‌ಎಂ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಕೊಡುತ್ತಾರೆ, ನಿಜ. ಆದರೆ ಅಂಬೇನಳಿ ದಾರಿಯಲ್ಲೇ ಪ್ರತಾಪಗಡದ ಫಾಟಾ, ಅಂದರೆ ಕೋಟೆ ಕಡೆಗಿನ ಕವಲುದಾರಿ, ಸಿಗುತ್ತದೆ. 1659ರಲ್ಲಿ ನಿಮ್ಮೂರಿಂದ ಹೊರಟ ಅಫ್ಜಲ್ ಖಾನ್ ಅಲ್ಲಿಂದ ವಾಪಸ್ ಹೋಗಲೇ ಇಲ್ಲ ಅಂತ ನೆನಪಿಸಿದೆ. "ಅವನ ಹತ್ರ ಗೇರ್ ಇರಲಿಲ್ಲ ಬಿಡು" ಅಂದ. ಕೊನೆಗೆ ಎರಡು ದಿನಕ್ಕೆ ಒಪ್ಪಿದ.

ಇಂಥ ಲೂಪ್ ಹಾಕುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಅಂತ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಯಾವ ಘಾಟ್ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು. ಉಳಿದಿದ್ದೆಲ್ಲ ಅದರ ಮೇಲೆ ನಿಂತಿದೆ.

ಅಂಬೇನಳಿಯನ್ನೇ ತಗೊಳ್ಳಿ. ಪೋಲಾದಪುರ ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲಿದೆ. ಮಹಾಬಳೇಶ್ವರ 1,350 ಮೀಟರ್ ಎತ್ತರದಲ್ಲಿದೆ. ನಡುವೆ ಸುಮಾರು 40 ಕಿಲೋಮೀಟರ್ ರಸ್ತೆ. ಲೆಕ್ಕ ಹಾಕಿದರೆ ನೂರು ಮೀಟರಿಗೆ ಮೂರು ಮೀಟರ್ ಚಿಲ್ಲರೆ ಏರು. ಕೇಳೋಕೆ ಸುಲಭ ಅನಿಸುತ್ತದೆ, ಅಲ್ವಾ? ಆದರೆ ಇದು ಸರಾಸರಿ. ನಡುನಡುವೆ ಸಪಾಟು ಇರುವುದರಿಂದ ಉಳಿದ ಕಡೆ ಏರು ಜಾಸ್ತಿ. ನಾನು ಗಂಟೆಗೆ 10 ಕಿಲೋಮೀಟರ್ ಅಂತ ಹಿಡಿದಿದ್ದೇನೆ. ಅಂದರೆ ನಾಲ್ಕು ತಾಸು ಬರೀ ಹತ್ತುವುದೇ.

ಈ ನಾಲ್ಕು ತಾಸು ಬೆಳಗ್ಗೆಯೇ ಆಗಬೇಕು. ಯಾಕೆ ಅಂದರೆ ಇದು ಸಹ್ಯಾದ್ರಿಯ ಪಶ್ಚಿಮದ ಮೈ. ಸೂರ್ಯ ಹುಟ್ಟುವುದು ಬೆಟ್ಟದ ಆ ಕಡೆ, ಹಾಗಾಗಿ ಬಿಸಿಲು ರಸ್ತೆಗೆ ತಡವಾಗಿ ಬರುತ್ತದೆ. ಮಧ್ಯಾಹ್ನದ ಮೇಲೆ ಇದೇ ರಸ್ತೆಗೆ ಬಿಸಿಲು ನೇರ ಹೊಡೆಯುತ್ತದೆ, ಕೆಳಗಿಂದ ಕೊಂಕಣದ ಸೆಕೆ ಬೇರೆ. ಅದಕ್ಕೇ ಮೊದಲ ದಿನ ಪೋಲಾದಪುರದಲ್ಲಿ ಮಲಗಿ, ಮರುದಿನ ಬೆಳಕು ಹರಿಯುವಾಗ ಪೆಡಲ್ ತುಳಿಯುವುದು.

ಲೂಪನ್ನು ಉಲ್ಟಾ ತಿರುಗಿಸಬಹುದಾ? ತಿರುಗಿಸಬಹುದು. ಸತಾರಾ ಹೈವೇಯ ಖಂಬಾಟ್ಕಿ ಘಾಟ್ ಪುಣೆಯಿಂದ ಹೋಗುವವರಿಗೆ ಚೆನ್ನಾಗಿದೆ, ಬಯಲಲ್ಲೇ ಹತ್ತುತ್ತೀರಿ. ವಾಪಸ್ ಬರುವ ಗಾಡಿಗಳು ಮಾತ್ರ ಸುರಂಗದೊಳಗೆ ಬರಬೇಕು. ಲಾರಿ ಸದ್ದು, ಹೊಗೆ, ಕತ್ತಲೆ. ಅಲ್ಲಿ ಸೈಕಲ್ ತರಲು ನನಗಂತೂ ಮನಸ್ಸಿಲ್ಲ, ಅದಕ್ಕೇ ನಾವು ಮಾಂಢರದೇವಿ ಕಡೆಯಿಂದ ಬರುತ್ತಿದ್ದೇವೆ. ಉಲ್ಟಾ ಹೋದರೆ ಆ ತಾಪತ್ರಯ ಇಲ್ಲ. ಆದರೆ ಅಂಬೇನಳಿಯ 40 ಕಿಲೋಮೀಟರ್ ಇಳಿಜಾರು ಮೊದಲ ದಿನದ ಸಂಜೆಗೆ ಬರುತ್ತದೆ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ದಣಿದ ಕೈ, ಕತ್ತಲೆ, ತಿರುವು ಮೇಲೆ ತಿರುವು. ಬೇಡವೇ ಬೇಡ.

ಮಳೆಗಾಲದ ಮಾತೇ ಇಲ್ಲ. ಗುಡ್ಡ ಕುಸಿದು ಈ ಘಾಟ್‌ಗಳು ಬಂದ್ ಆಗುತ್ತಿರುತ್ತವೆ. ಡಿಸೆಂಬರ್, ಜನವರಿ ಸರಿಯಾದ ಕಾಲ.

ಈಗ ಸೈಕಲ್. ಇಲ್ಲಿ ನೋಡಿ, ಹಿಂದಿನ ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು, ಬದಲಾಯಿಸಿದ್ದೇನೆ. ದೊಡ್ಡ ಹಲ್ಲುಚಕ್ರ ಈಗ 34 ಹಲ್ಲಿನದು, ಮುಂದಿನ ಚಿಕ್ಕದೂ 34. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು, ಅಂದರೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮಿಷಕ್ಕೆ 70 ಸಲ ತುಳಿದರೆ ಗಂಟೆಗೆ 9 ಕಿಲೋಮೀಟರ್ ಹತ್ತಿರ ಬರುತ್ತದೆ. ಮೊಣಕಾಲಿಗೆ ನೋವಿಲ್ಲದೆ ಸುಮ್ನೆ ತುಳಿಯುತ್ತಾ ಹೋಗಬಹುದು. ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದೆ. ಪಸರಣಿ ಇಳಿಯುವಾಗ ಬ್ರೇಕ್ ಹಿಡಿದೇ ಇರಬಾರದು, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಬಿಡಬೇಕು. ಇಲ್ಲದಿದ್ದರೆ ರಿಮ್ ಕಾಯುತ್ತದೆ. ಅದೂ ಅಲ್ಲದೆ ಅದು ಸ್ಟ್ರಾಬೆರಿ ಸೀಸನ್. ಪ್ರವಾಸಿಗರ ಕಾರುಗಳು ಎಲ್ಲಿ ಬೇಕಾದರೂ ನಿಲ್ಲುತ್ತವೆ.

ತಿನ್ನುವುದಕ್ಕೆ ಎನರ್ಜಿ ಜೆಲ್ ತಗೊಂಡಿಲ್ಲ. ಧಾರವಾಡದಿಂದ ಅವ್ವ ಶೇಂಗಾ ಹೋಳಿಗೆ ಕಳಿಸಿದ್ದಾಳೆ. ಒಂದೊಂದನ್ನೇ ನಾಲ್ಕು ಮಡಿಕೆ ಮಾಡಿ ಬಟರ್ ಪೇಪರಿನಲ್ಲಿ ಸುತ್ತಿದರೆ ಜರ್ಸಿಯ ಹಿಂದಿನ ಜೇಬಿಗೆ ಸರಿಯಾಗಿ ಕೂರುತ್ತದೆ. ಅಂಚು ಸ್ವಲ್ಪ ಪುಡಿಯಾಗುತ್ತದೆ, ಅಷ್ಟೇ. ಬೆಲ್ಲ, ಶೇಂಗಾ, ಎಳ್ಳು. ತಾಸಿಗೊಂದು ತಿಂದರೆ ಸಾಕು. ನೀರು ಮಾತ್ರ ಪೋಲಾದಪುರದಲ್ಲೇ ಎರಡೂ ಬಾಟಲಿ ತುಂಬಿಕೊಳ್ಳಬೇಕು.

ಈ ಲೂಪ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಇದೆ. ಹಳೇ ಮಹಾಬಳೇಶ್ವರದಿಂದ ಸಾವಿತ್ರಿ ನದಿ ಪಶ್ಚಿಮಕ್ಕೆ, ಮಹಾಡ್ ಕಡೆ ಇಳಿಯುತ್ತದೆ. ಕೃಷ್ಣೆ ಪೂರ್ವಕ್ಕೆ, ವಾಯಿ ಕಡೆ. ನಾವು ಸಾವಿತ್ರಿ ಕಡೆಯಿಂದ ಹತ್ತಿ ಕೃಷ್ಣೆ ಕಡೆಗೆ ಇಳಿಯುತ್ತೇವೆ. ಆಲಮಟ್ಟಿಯಲ್ಲಿ ಸಮುದ್ರದ ಹಾಗೆ ಕಾಣುವ ನದಿ ವಾಯಿಯ ಢೋಲ್ಯಾ ಗಣಪತಿ ಗುಡಿ ಮುಂದೆ ಎಷ್ಟು ಚಿಕ್ಕದಿದೆ ನೋಡಬೇಕು. ಅಲ್ಲೇ ಊಟ. ಊಟ ಭಾರ ಆಗಬಾರದು, ಯಾಕೆಂದರೆ ಆಮೇಲೆ ಮಾಂಢರದೇವಿಗೆ ಇನ್ನೊಮ್ಮೆ ಐನೂರು ಮೀಟರಿಗಿಂತ ಜಾಸ್ತಿ ಹತ್ತುವುದಿದೆ. ನಿಜವಾದ ಪರೀಕ್ಷೆ ಅದೇ ಅಂತ ನನ್ನ ಅಂದಾಜು. ಕಾಲು ಸೋತಿರುತ್ತದೆ, ಹೊತ್ತೂ ಇಳಿದಿರುತ್ತದೆ. ನಾಲ್ಕು ಗಂಟೆಯೊಳಗೆ ವಾಯಿ ಬಿಡದಿದ್ದರೆ ಅಲ್ಲೇ ಇನ್ನೊಂದು ರಾತ್ರಿ ಉಳಿಯುವುದು ಅಂತ ಮೊದಲೇ ಮಾತಾಗಿದೆ.

ಒಂದು ಕೆಲಸ ಬಾಕಿ ಇದೆ. ಪೋಲಾದಪುರದಲ್ಲಿ ಸೈಕಲನ್ನು ರೂಮಿನೊಳಗೆ ಇಟ್ಟುಕೊಳ್ಳಲು ಬಿಡುವ ಲಾಡ್ಜ್ ಬೇಕು. ನಿಮಗೆ ಗೊತ್ತಿದ್ದರೆ ಹೇಳಿ. ಬೆಳಗ್ಗೆ ಐದಕ್ಕೆ ಚಹಾ ಸಿಗುವಂತಿದ್ದರೆ ಇನ್ನೂ ಒಳ್ಳೆಯದು.